ಕಲ್ಲಿಲ್ಲದ ಗುಂಡಿ

ಆರ್ಮಿಂದು ಕಲ್ಲು ಕೊಳ್ಳಲು ಹೊರಟನೆಂದರೆ ಎರಡು ತಿಂಗಳು ತನ್ನ ಊರು ಫಾಲ್ ರಿವರ್ ಕಡೆ ತಲೆ ಹಾಕುತ್ತಿರಲಿಲ್ಲ. ಇಟಲಿಯ ವೆರೋನಾದ ಅಂಗಳಗಳಲ್ಲಿ ಕಲ್ಲಿನ ಹಲಗೆಗಳ ಮೇಲೆ ನೀರು ಸುರಿದು ಬಣ್ಣ ನೋಡುವನು. ಅಲ್ಲಿಂದ ಬ್ರೆಜಿಲಿಗೆ ಹೋಗಿ, ಬಿಸಿಲಲ್ಲಿ ಕಾದ ಗ್ರಾನೈಟ್ ದಿಮ್ಮಿಗಳ ಮೇಲೆ ಸೀಮೆಸುಣ್ಣದಿಂದ ತನ್ನ ಹೆಸರು ಬರೆಯುವನು. ದಿಮ್ಮಿಗಳು ಹಲಗೆಗಳಾಗಿ ಹಡಗು ಹತ್ತುವವರೆಗೂ ಅವನಿಗೆ ನಿದ್ದೆಯಿಲ್ಲ. ಬಂದ ಹಲಗೆಗಳನ್ನು ಕೊಯ್ದು, ಅಂಚು ತೀಡಿ, ಮೆಸಾಚುಸೆಟ್ಸಿನ ಅಡುಗೆಮನೆ ಕಟ್ಟೆಗಳಿಗೂ ಸಮಾಧಿಗಳಿಗೂ ಕೂರಿಸುವ ಕೆಲಸ ಅವನ ಭಾವ ಜೆಫೆರಿನೊನದು.

ಇಬ್ಬರೂ ಪೋರ್ಚುಗಲ್ಲಿನ ವಿಲಾ ವಿಸೋಜದವರು. ಹದಿನಾರರ ಆರ್ಮಿಂದುವಿಗೆ ಗುಲಾಬಿ ಅಮೃತಶಿಲೆಯ ಗಣಿಯಲ್ಲಿ ಸುತ್ತಿಗೆ ಹಿಡಿಯುವುದನ್ನು ಕಲಿಸಿದವನೇ ಜೆಫೆರಿನೊ. ಆಮೇಲೆ ಅವನ ಅಕ್ಕ ಡಿಯೊಲಿಂದಾಳನ್ನು ಮದುವೆಯಾದ. ಮೂವರೂ ಒಂದೇ ವರ್ಷದಲ್ಲಿ ಅಮೆರಿಕಕ್ಕೆ ಬಂದರು. ಮುಚ್ಚಿಹೋದ ಬಟ್ಟೆ ಗಿರಣಿಯೊಂದರ ಹಿಂಬದಿಯ ಶೆಡ್ಡನ್ನು ಬಾಡಿಗೆಗೆ ಹಿಡಿದಾಗ ಕೆಲಸ ಹಂಚಿಕೊಳ್ಳುವುದು ಕಷ್ಟವಾಗಲಿಲ್ಲ. ಆರ್ಮಿಂದುವಿಗೆ ಮಾತು ಬರುತ್ತಿತ್ತು, ಜೆಫೆರಿನೊನಿಗೆ ಕೈಕೆಲಸ. ಬೆರಳ ಗಿಣ್ಣಿನಿಂದ ಹಲಗೆಯನ್ನೊಮ್ಮೆ ತಟ್ಟಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ.

ಆ ಶೆಡ್ಡಿಗೆ ಬೆಚ್ಚಗಿಡುವ ವ್ಯವಸ್ಥೆ ಇರಲಿಲ್ಲ. ಜನವರಿಯಲ್ಲಿ ಗರಗಸಕ್ಕೆ ನೀರು ಬಿಡುವ ಪೈಪು ಹೆಪ್ಪುಗಟ್ಟುತ್ತಿತ್ತು. ನೀರಿಲ್ಲದೆ ಕೊಯ್ದರೆ ಹಿಟ್ಟಿನ ಗಿರಣಿಯಂತೆ ಧೂಳು. ವಸಂತದವರೆಗೆ ಕಾಯೋಣವೇ ಎಂದು ಜೆಫೆರಿನೊ ಒಮ್ಮೆ ಕೇಳಿದ್ದುಂಟು. ಗಿರಾಕಿಗಳು ಕಾಯುವುದಿಲ್ಲ ಭಾವ, ಬಾಯಿಗೆ ಬಟ್ಟೆ ಕಟ್ಟಿಕೋ ಎಂದು ಹೇಳಿ ಆರ್ಮಿಂದು ವಿಮಾನ ಹತ್ತಿದ್ದ. ಹಾಗೆ ಹದಿನೇಳು ಚಳಿಗಾಲಗಳು ಕಳೆದವು.

ಅಕ್ಕನ ಫೋನು ಬಂದಾಗ ಅವನು ಬ್ರೆಜಿಲಿನ ಬಂದರಿನಲ್ಲಿದ್ದ. ಮೆಟ್ಟಿಲು ಹತ್ತುತ್ತ ಜೆಫೆರಿನೊ ಉಸಿರು ಸಿಗದೆ ನಡುವೆಯೇ ಕೂತುಬಿಟ್ಟಿದ್ದನಂತೆ. ಶ್ವಾಸಕೋಶದ ತುಂಬ ಕಲ್ಲಿನ ಧೂಳು, ಅದನ್ನು ತೆಗೆಯುವ ಔಷಧವಿಲ್ಲ ಎಂದು ಡಾಕ್ಟರು ಹೇಳಿದ್ದರು.

ಆರ್ಮಿಂದು ಬಂದಾಗ ಭಾವ ಕಿಟಕಿಯ ಬಳಿ, ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟುಕೊಂಡು ಕೂತಿದ್ದ. ಡಿಯೊಲಿಂದಾ ಕೇಲ್ ಸೊಪ್ಪಿನ ಸಾರಿನ ಬಟ್ಟಲನ್ನು ತಮ್ಮನ ಮುಂದಿಟ್ಟಳು, ಕೂರು ಎನ್ನಲಿಲ್ಲ.

"ನೀನು ದೇಶದೇಶ ಸುತ್ತಿ ಕಲ್ಲು ಆರಿಸ್ದೆ. ಇವರು ಇಲ್ಲಿ ಕೂತು ಅದನ್ನ ನುಂಗಿದ್ರು" ಎಂದಳು.

"ಸುಮ್ನಿರೇ. ಪೈಪು ಹೆಪ್ಪುಗಟ್ಟಿದ್ದು ನಂಗೂ ಕಾಣ್ತಿತ್ತು. ನಾನೇನು ಕುರುಡನಾ?" ಎಂದ ಜೆಫೆರಿನೊ. ಅಷ್ಟು ಹೇಳುವುದಕ್ಕೆ ಮೂರು ಸಲ ಉಸಿರು ತೆಗೆದುಕೊಂಡ.

ಆರ್ಮಿಂದುವಿಗೆ ಏನಾದರೂ ಮಾಡಲೇಬೇಕಿತ್ತು. ವಿಲಾ ವಿಸೋಜಕ್ಕೆ ಹೋಗುತ್ತೇನೆ, ನಮ್ಮ ಗಣಿಯ ಗುಲಾಬಿ ಕಲ್ಲನ್ನೇ ತರುತ್ತೇನೆ ಎಂದು ಬಾಯಿಬಿಟ್ಟ. ಯಾವುದಕ್ಕೆಂದು ಹೇಳಲು ನಾಲಗೆ ಏಳಲಿಲ್ಲ. ಭಾವನಿಗೆ ಅರ್ಥವಾಯಿತು.

"ಬೇಡ ಕಣೋ. ನನ್ ಮೇಲೆ ಕಲ್ಲು ಹೇರಬೇಡ. ಒಳಗಿರೋದೇ ಸಾಕು."

ಫೆಬ್ರವರಿಯಲ್ಲಿ ಅವನು ತೀರಿಕೊಂಡ. ಹೂಳಿದ ಗುಂಡಿಯ ಮೇಲೆ ಹುಲ್ಲುಹಾಸು ಬಿಟ್ಟರೆ ಏನನ್ನೂ ಇಡಲಿಲ್ಲ. ಕಲ್ಲಿನ ವ್ಯಾಪಾರಿಯ ಭಾವನಿಗೆ ಒಂದು ತುಂಡು ಕಲ್ಲೂ ಗತಿಯಿಲ್ಲವೇ ಎಂದು ಚರ್ಚಿನ ಮೆಟ್ಟಿಲ ಮೇಲೆ ಜನ ಆಡಿಕೊಂಡರು. ಆರ್ಮಿಂದು ಶೆಡ್ಡಿಗೆ ಬಿಸಿ ಮಾಡುವ ಯಂತ್ರ, ಧೂಳು ಎಳೆದುಕೊಳ್ಳುವ ಕೊಳವೆಗಳನ್ನು ಹಾಕಿಸಿದ. ಒಂದು ತಿಂಗಳೊಳಗೆ ಮುಗಿದ ಕೆಲಸ ಅದು. ಇಷ್ಟೇನಾ ಎಂದು ಒಬ್ಬನೇ ನಿಂತು ನೋಡಿದ. ಕಲ್ಲು ಆರಿಸಲು ಬೇರೆಯವರನ್ನು ಕಳಿಸಿದ. ಅಕ್ಕ ಮಾತು ಬಿಟ್ಟಿದ್ದಳು.

ಭಾವ ತೀರಿಕೊಂಡು ವರ್ಷ ತುಂಬಿದ ದಿನ ಸೇವಂತಿಗೆ ಹೂ ಹಿಡಿದು ಸ್ಮಶಾನಕ್ಕೆ ಹೋದ. ಹಿಂದಿನ ದಿನ ಮೊಣಕಾಲೆತ್ತರ ಹಿಮ ಬಿದ್ದಿತ್ತು. ಸುತ್ತಲೂ ಬೇರೆಯವರ ಕಲ್ಲುಗಳು ತಲೆಯೆತ್ತಿ ನಿಂತಿದ್ದವು, ಅವುಗಳಲ್ಲಿ ಹಲವು ಅವನ ಶೆಡ್ಡಿನಲ್ಲೇ ಕೊಯ್ದಂಥವು. ಭಾವ ಎಲ್ಲಿದ್ದಾನೆಂದು ತಿಳಿಯಲಿಲ್ಲ. ಅರ್ಧ ಗಂಟೆ ಹುಡುಕಿ, ಬೆರಳು ಮರಗಟ್ಟಿದ ಮೇಲೆ ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ಭಾವ ಸಿಗ್ತಾ ಇಲ್ಲ" ಎಂದ.

ಅವಳು ಫೋನು ಇಟ್ಟಳು. ಸ್ವಲ್ಪ ಹೊತ್ತಿಗೆ ಗಂಡನ ದೊಡ್ಡ ಬೂಟುಗಳನ್ನು ಹಾಕಿಕೊಂಡು ಗೇಟಿನಲ್ಲಿ ಕಾಣಿಸಿಕೊಂಡಳು. ಅತ್ತಿತ್ತ ನೋಡದೆ ಹಿಮದಲ್ಲಿ ಕಾಲೆತ್ತಿ ಹಾಕುತ್ತ ನೇರವಾಗಿ ನಡೆದು, ಒಂದು ಕಡೆ ನಿಂತಳು.

"ಇಲ್ಲಿ" ಎಂದಳು.

ಇಬ್ಬರೂ ಬಗ್ಗಿ ಬರಿಗೈಯಲ್ಲಿ ಹಿಮ ತೋಡತೊಡಗಿದರು.