ಹಾಲು ಕರೆಯೋ ಹೊತ್ತಿನ ಹಾಡು

ಆಪೆರಾ ಹಾಡೋದು ಕಲಿಯಲು ಶುರುಮಾಡಿದ ಹೊಸದರಲ್ಲಿ ಕ್ಯಾಲನೂರಿನ ನಮ್ಮ ಮನೆಯಲ್ಲೇ ಬೆಳಗ್ಗೆ ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ಮೇಲಿನ ಸ್ವರಕ್ಕೆ ದನಿ ಎತ್ತಿದ್ದೇ ತಡ, ಪಕ್ಕದ ಮನೆಯ ಮುನಿಯಮ್ಮ ಖಾಲಿ ಕ್ಯಾನು ಹಿಡಿದು ಬಾಗಿಲಿಗೇ ಬಂದರು.

"ನೀನು ಹಂಗೆ ಕಿರುಚಿದ್ರೆ ನಮ್ಮ ಹಸು ಹಾಲು ಬಿಡಲ್ಲ ಕಣಮ್ಮಾ. ಡೈರಿಯವರು ನಮಗೋಸ್ಕರ ಕಾಯ್ತಾರಾ?"

"ಆಡಿಷನ್ ಹತ್ತಿರ ಬಂತು, ಮುನಿಯಮ್ಮಕ್ಕಾ. ಹಾಡೋದು ನಿಲ್ಲಿಸೋಕಾಗಲ್ಲ."

"ನಿಲ್ಲಿಸು ಅಂದೋರ್ಯಾರು? ಹಾಲು ಕರೆಯೋವರೆಗೂ ಕೆಳಗಿನ ದನಿಯಲ್ಲಿ ಮೆತ್ತಗೆ ಹಾಡು. ನಾನು ಡೈರಿಗೆ ಹೋದ್ಮೇಲೆ ಎಷ್ಟು ಬೇಕಾದ್ರೂ ಕಿರುಚ್ಕೋ."

ಅವತ್ತಿನಿಂದ ಹಸುವಿಗೆ ಒಪ್ಪುವ ಹಾಗೆ ಹಾಡಿದೆ. ಕೆಳಗಿನ ಸ್ವರ ಸ್ವಲ್ಪ ಒರಟಾದರೂ ಹಸು ಕಾಲು ಝಾಡಿಸುತ್ತಿತ್ತು. ನುಣುಪಾಗಿ ಬಂದ ದಿನ ಮುನಿಯಮ್ಮ ತುಂಬಿದ ಕ್ಯಾನು ಹೊತ್ತು, ನಮ್ಮ ಮನೆಗೂ ಒಂದು ಲೋಟ ಹಾಲು ಬಿಟ್ಟು ಹೋಗುತ್ತಿದ್ದರು.

ಬೆಂಗಳೂರಿನ ಆಡಿಷನ್‌ನಲ್ಲಿ ನನಗೆ ಮೊದಲ ಪಾತ್ರ ಸಿಕ್ಕಿತು. "ಈ ವಯಸ್ಸಿಗೇ ಕೆಳಗಿನ ಸ್ವರಗಳು ಇಷ್ಟು ಹದವಾಗಿವೆಯಲ್ಲ, ಯಾರ ಹತ್ತಿರ ಕಲಿತಿರಿ?" ಎಂದು ಆಯ್ಕೆ ಮಾಡಿದವರು ಕೇಳಿದರು. ನಮ್ಮ ಮೇಡಂ ಹೆಸರು ಹೇಳಿದೆ. ಇನ್ನೊಬ್ಬ ಗುರುವಿಗೆ ಊರಿಗೆ ಬಂದ ಸಂಜೆಯೇ ಬೂಸಾ ಕಲಸಿಟ್ಟೆ.