ಮೊಟ್ಟೆ ಮುಟ್ಟದವರ ಟ್ಯೂನಾ ಬೇಟೆ

ನಮ್ಮ ಮನೆಯೊಳಗೆ ಕೋಳಿಮೊಟ್ಟೆಗೂ ಪ್ರವೇಶವಿಲ್ಲ. ಅಂಥ ಮನೆಯ ಯಜಮಾನರಿಗೆ, ಅಂದರೆ ನನ್ನ ಗಂಡನಿಗೆ, ನಡುವಯಸ್ಸಿನಲ್ಲಿ ಮೀನು ಹಿಡಿಯುವ ಹುಚ್ಚು ಹತ್ತಿತು. ಅದೂ ಕೆರೆಯ ಮೀನಲ್ಲ, ನಡುಸಮುದ್ರದ ಟ್ಯೂನಾ! ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕೆಟ್ಟಿದ್ದರು. ಗಾಳದ ದಪ್ಪ ರಾಡು, ದಾರ ಸುತ್ತುವ ತೆಂಗಿನಕಾಯಿಯಷ್ಟು ದೊಡ್ಡ ರೀಲು, ಪಾಪರ್ ಎಂಬ ಬಣ್ಣದ ಮರದ ಮೀನು, ಎಲ್ಲ ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬಂದವು. ಪಾಪರ್ ಎಸೆದು ಎಳೆದರೆ ನೀರಿನ ಮೇಲೆ ಗುಳುಂ ಗುಳುಂ ಅನ್ನಬೇಕಂತೆ. ಆ ಸದ್ದಿಗೆ ಟ್ಯೂನಾ ಮೇಲೆದ್ದು ಬಂದು ಕಚ್ಚುತ್ತದಂತೆ.

ಭಾನುವಾರ ಸಿರುಗುಪ್ಪದ ಹೊಳೆದಂಡೆಯಲ್ಲಿ ಅಭ್ಯಾಸ. ಎಮ್ಮೆ ತೊಳೆಯುತ್ತಿದ್ದವರೊಬ್ಬರು ಬಹಳ ಹೊತ್ತು ನೋಡಿ, "ಸಾವ್ಕಾರ್ರೇ, ಮರದ ಮೀನ ಕೊಟ್ಟು ಖರೇ ಮೀನ ಕೇಳಾಕ ಹತ್ತೀರೇನ್ರಿ?" ಎಂದರು. ನಾನು ನಕ್ಕು ನಕ್ಕು ಸುಸ್ತಾದೆ.

ಕುರುಗೋಡಿನಲ್ಲಿರುವ ನಮ್ಮ ಅತ್ತೆ ಮಾತ್ರ ನಗಲಿಲ್ಲ. ಲಿಂಗಪೂಜೆಯಾಗದೆ ಹನಿ ನೀರೂ ಕುಡಿಯದ ಮಗನ ಕೈಗೆ ವಿಭೂತಿ ಗಟ್ಟಿ ಇಟ್ಟು ಆಣೆ ಮಾಡಿಸಿದರು. "ಹಿಡಿದ್ರ ಹಿಡಿ. ಜೀವ ಮಾತ್ರ ಹೋಗಬಾರ್ದು. ಹೋತಂದ್ರ, ಆ ಕೈಲೆ ಮತ್ತ ಲಿಂಗ ಮುಟ್ಟಬ್ಯಾಡ."

"ಬಿಟ್ಟ ಬಿಡ್ತೀನವ್ವಾ," ಎಂದರು ಇವರು, ಬಹಳ ಸಲೀಸಾಗಿ.

ಕರಾವಳಿಗೆ ಹೋಗಿ ದೋಣಿ ಹತ್ತಿದೆವು. ನನಗೆ ವಾಂತಿ, ಅವರಿಗೆ ಉತ್ಸಾಹ. ಮಧ್ಯಾಹ್ನದ ಹೊತ್ತಿಗೆ ಪಾಪರ್ ಇದ್ದಲ್ಲಿ ನೀರು ಸಿಡಿಯಿತು, ರೀಲು ಕಿರ್ರೆಂದಿತು. ಟ್ಯೂನಾ! ಇವರು ಹೊಟ್ಟೆಗೆ ರಾಡು ಊರಿಕೊಂಡು ಹೊಸದಾಗಿ ನೊಗ ಹೊತ್ತ ಹೋರಿಯಂತೆ ಒದ್ದಾಡಿದರು.

"ರೀ, ಸೊಂಟ ಜ್ವಾಕಿ!" ಎಂದೆ. ಬೈಯಲೂ ಅವರಿಗೆ ಉಸಿರಿರಲಿಲ್ಲ.

ಅಂತೂ ಮೀನು ದೋಣಿಯ ಪಕ್ಕಕ್ಕೆ ಬಂತು. ದೋಣಿಯವರು ಎಳೆದುಕೊಳ್ಳಲು ಕೊಕ್ಕೆ ಎತ್ತಿದರೆ, "ಬ್ಯಾಡ್ರೀ!" ಎಂದು ಕಿರುಚಿ ಇವರೇ ಗಾಳ ಬಿಡಿಸಿದರು. ಆದರೆ ಮೀನು ಹೋಗಲಿಲ್ಲ. ಹೊಟ್ಟೆ ಮೇಲಾಗಿ ತೇಲಿತು.

"ಸತ್ತೋಯ್ತು ಸರ್, ಸಾರಿಗಾಗುತ್ತೆ," ಎಂದರು ದೋಣಿಯವರು.

ಇವರ ಮುಖ ಬಿಳಿಚಿತು. ಅಂಚಿಗೆ ಬೋರಲು ಬಿದ್ದು ಅದರ ಕೆಳದವಡೆ ಹಿಡಿದುಕೊಂಡರು. "ದೋಣಿ ಮೆಲ್ಲಕ ಓಡಸ್ರಿ, ಇದರ ಬಾಯಾಗ ನೀರು ಹೋಗ್ಲಿ, ಉಸಿರಾಡ್ತೈತಿ!" ಜೀವಮಾನದಲ್ಲಿ ಮೀನು ಮುಟ್ಟದ ಕೈ ಈಗ ಹಿಡಿತ ಸಡಿಲಿಸಲಿಲ್ಲ. "ಹೋಗವ್ವಾ, ನನ್ನವ್ವಾ, ಹೋಗು," ಎಂದು ಬೇಡುತ್ತಿದ್ದರು. ನಾನೂ ಗೇಲಿ ಮರೆತು ಪಕ್ಕದಲ್ಲಿ ಬಗ್ಗಿ ನೋಡಿದೆ. ಕಿವಿರು ಒಮ್ಮೆ ತೆರೆಯಿತು. ಮತ್ತೊಮ್ಮೆ ತೆರೆಯಿತು. ಆಮೇಲೆ ಬಾಲದಿಂದ ಇವರ ಕೆನ್ನೆಗೆ ಫಟಾರನೆ ಬಾರಿಸಿ, ಮೀನು ಆಳಕ್ಕೆ ಇಳಿದುಹೋಯಿತು.

ದಡ ಸೇರಿ ಸಿಗ್ನಲ್ ಸಿಕ್ಕೊಡನೆ ಕುರುಗೋಡಿಗೆ ಫೋನು. "ಅವ್ವಾ, ಬದುಕಿ ಹೋತವ್ವಾ!" ಎನ್ನುವಷ್ಟರಲ್ಲಿ ಇವರಿಗೆ ಅಳು.

ಅತ್ತೆ ದನಿ ತಗ್ಗಿಸಿ ಕೇಳಿದರು: "ಎಷ್ಟ ದೊಡ್ಡದಿತ್ತೋ?"

ನನ್ನ ಗಂಡ ಎರಡೂ ತೋಳು ಚಾಚಿ ತೋರಿಸಿದರು. ಚಾಚಿದ ಕೈಯಲ್ಲಿದ್ದ ಫೋನಿನೊಳಗೆ ಅತ್ತೆ "ಹಲೋ, ಹಲೋ" ಅನ್ನುತ್ತಲೇ ಇದ್ದರು.