ಬಂಗಾರಕ್ಕೆ ಆಗದ ಲೋಹ

ಮದುವೆಯಾಗಿ ಚಾಮರಾಜಪೇಟೆಯ ಮನೆಗೆ ಬಂದಾಗ ನನ್ನ ಸಂಶೋಧನೆ ಇನ್ನೂ ಅರ್ಧದಲ್ಲಿತ್ತು. ಊರಿನಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. "ಸದ್ಯಕ್ಕೆ ಹೋಗ್ತಿರು, ಆಮೇಲೆ ನೋಡೋಣ" ಎಂದಿದ್ದರು ಅತ್ತೆ. ಓದು ಯಾವತ್ತು ಬಿಡಿಸುತ್ತಾರೋ ಎಂದು ದಿನವೂ ಹೆದರುತ್ತಿದ್ದೆ.

ಮಲ್ಲೇಶ್ವರದಾಚೆಯ ಲ್ಯಾಬಿನಲ್ಲಿ ನನ್ನ ಕೆಲಸ ಇಷ್ಟೇ: ರಬ್ಬರ್ ಪಟ್ಟಿಯೊಳಗೆ ಕೂದಲೆಳೆಯಂಥ ಕಾಲುವೆ ಮಾಡಿ, ಸಿರಿಂಜಿನಿಂದ ದ್ರವಲೋಹ ತುಂಬುವುದು. ತಾಮ್ರದ ತಂತಿ ಎಳೆದರೆ ತುಂಡಾಗುತ್ತದೆ. ಇದು ರಬ್ಬರಿನ ಜೊತೆಗೇ ಉದ್ದವಾಗಿ ಕರೆಂಟು ಹರಿಸುತ್ತಲೇ ಇರುತ್ತದೆ. ಗ್ಯಾಲಿಯಂ ಬೆರೆತ ಈ ಲೋಹ ನೋಡಲು ಪಾದರಸದ ತಂಗಿ, ಆದರೆ ಅದರಷ್ಟು ವಿಷವಲ್ಲ. ಒಂದೇ ಕೆಟ್ಟ ಬುದ್ಧಿ, ಬಂಗಾರಕ್ಕೆ ಅಂಟಿಕೊಂಡರೆ ಅದನ್ನೂ ಬೆಳ್ಳಗೆ ಮಾಡಿಬಿಡುತ್ತದೆ. ಹಾಗಾಗಿ ಬೆಳಿಗ್ಗೆ ತಾಳಿ, ಉಂಗುರ ಬಿಚ್ಚಿ ಡ್ರಾಯರಿನಲ್ಲಿಟ್ಟು, ಸಂಜೆ ಹಾಕಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಬಸ್ಸು ಹತ್ತುತ್ತಿದ್ದೆ.

ಒಂದು ಶುಕ್ರವಾರ ಪ್ರಯೋಗ ಚೆನ್ನಾಗಿ ಬಂತು. ಆ ಖುಷಿಯಲ್ಲಿ ಪಟ್ಟಿಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಟವಳಿಗೆ ಕೊರಳು ಬರಿದಾಗಿರುವುದು ಗೊತ್ತಾದದ್ದು ಮಾರ್ಕೆಟ್ಟಿನಲ್ಲಿ ಬಸ್ಸಿಳಿದಾಗ. ಅಷ್ಟು ಹೊತ್ತಿಗೆ ಲ್ಯಾಬಿಗೆ ಬೀಗ ಬಿದ್ದಿರುತ್ತದೆ. ದುಪಟ್ಟಾ ಸುತ್ತಿಕೊಂಡು ಮನೆಗೆ ಬಂದರೆ, ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯಾಕೆ ಕೂತಿದ್ದಾರೆ!

"ಬಾ, ನೀನೂ ಕುಂಕುಮ ಇಟ್ಕೋ" ಎಂದು ಅತ್ತೆ ಬಟ್ಟಲು ಚಾಚಿದರು. ಹಣೆಗಿಟ್ಟುಕೊಂಡೆ. ತಾಳಿಗೂ ಇಡಬೇಕಲ್ಲ, ಕೈ ಕೊರಳ ಹತ್ತಿರವೇ ನಿಂತಿತು. ನಿಜ ಹೇಳಲೇಬೇಕಾಯಿತು.

"ಇದೆಂಥ ಓದು ರೀ, ತಾಳಿ ಬಿಚ್ಚಿಸೋದು? ಬಿಡಿಸ್ಬಿಡಿ" ಎಂದರು ಪಕ್ಕದ ಮನೆಯಾಕೆ.

ಅತ್ತೆ ಬಟ್ಟಲು ಕೆಳಗಿಟ್ಟರು. ಬೇರೇನೂ ತೋಚದೆ ಬ್ಯಾಗಿನಿಂದ ಪಟ್ಟಿ ತೆಗೆದು, ಅದಕ್ಕೆ ಸೆಲ್ಲು, ಪುಟ್ಟ ಬಲ್ಬು ಸಿಕ್ಕಿಸಿ ಅತ್ತೆಯ ಕೈಗಿಟ್ಟು, "ಎಳೀರಿ ಅತ್ತೆ" ಎಂದೆ. ಹಪ್ಪಳದ ಹಿಟ್ಟು ಎಳೆದು ನೋಡುವಂತೆ ಎಳೆದರು. ಪಟ್ಟಿ ಎರಡರಷ್ಟು ಉದ್ದವಾಯಿತು, ಬಲ್ಬು ಉರಿಯುತ್ತಲೇ ಇತ್ತು. ಇನ್ನೊಂದು ಸಲ ಎಳೆದು ನಕ್ಕರು.

"ಇದನ್ನ ನೀನೇ ಮಾಡಿದ್ದಾ?"

"ಹೂಂ, ನಾನೇ."

ಎದ್ದು ಒಳಗೆ ಹೋದವರು, ಅರಿಶಿನ ನೀರಿನಲ್ಲಿ ಅದ್ದಿದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು ಬಂದರು. ತಾಳಿ ರಿಪೇರಿಗೆ ಕೊಟ್ಟಾಗ ನಮ್ಮಲ್ಲಿ ಹೆಂಗಸರು ಕಟ್ಟಿಕೊಳ್ಳುವುದು ಇದನ್ನೇ.

"ನಿನ್ನ ಲೋಹ ಇದನ್ನೇನೂ ಮಾಡಲ್ಲ ತಾನೆ?"

"ಇಲ್ಲ ಅತ್ತೆ."

"ಹಂಗಾದ್ರೆ ಲ್ಯಾಬಿಗೆ ಇದು, ಮನೇಲಿ ಬಂಗಾರ. ಕಟ್ಕೋ." ಪಕ್ಕದ ಮನೆಯಾಕೆಯ ಕಡೆ ತಿರುಗಿ, "ಓದು ಮುಗಿಸ್ತಾಳೆ ರೀ" ಎಂದರು.

ದಾರ ಕೊರಳಿಗೆ ಕಟ್ಟಿಕೊಂಡು, ಖುಷಿಗೆ ನಾನು ಅಲ್ಲೇ ಅತ್ತುಬಿಟ್ಟೆ.

"ಕಣ್ಣೊರೆಸ್ಕೋಬೇಡ ಆ ದುಪಟ್ಟಾದಲ್ಲಿ, ದಾರ ಇನ್ನೂ ಹಸಿ, ಅದಕ್ಕೆಲ್ಲ ಹತ್ತಿದೆ. ಮುಖವೆಲ್ಲ ಅರಿಶಿನ ಆಗತ್ತೆ" ಎಂದು ಅತ್ತೆ ಗದರಿಸಿದರು.